ಹದಿಮೂರು ಜನರಿಗೆ ಪುಯೋ ಪುಯೋ ಕಲಿಸಿದೆ, ಹನ್ನೊಂದು ಜನ ಬಿಟ್ಟುಹೋದರು. ಜಪಾನಿನ ಹೊರಗೆ ಈ ಆಟ ಬೇರೂರುವುದು ಹೇಗೆ?

ಆರು_ಕಂಬ (ಪ್ರಶ್ನೆ)

ವೃತ್ತಿಯಿಂದ ನಾನು ಲೆಕ್ಕ ಪರಿಶೋಧಕ. ಗೆಲುವಿಗಿಂತ ಸೋಲನ್ನು ಬರೆದಿಡುವ ಚಾಳಿ ಕೈಗೆ ಅಂಟಿಕೊಂಡಿದೆ. ಎರಡು ವರ್ಷಗಳಿಂದ ಪ್ರತಿ ಶನಿವಾರ ರಾತ್ರಿ ಅಂತರ್ಜಾಲದಲ್ಲಿ ಒಂದು ಸಣ್ಣ ಪುಯೋ ಪುಯೋ ಕೂಟ ನಡೆಸುತ್ತಿದ್ದೇನೆ. ಬರುವವರಲ್ಲಿ ಬ್ರೆಜಿಲಿನವರಿದ್ದಾರೆ, ಪೋಲೆಂಡಿನವರಿದ್ದಾರೆ, ಕೆನಡಾದ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ಈ ಅವಧಿಯಲ್ಲಿ ಹದಿಮೂರು ಹೊಸಬರಿಗೆ ಆಟ ಕಲಿಸಿದೆ. ಹನ್ನೊಂದು ಜನ ಬಿಟ್ಟುಹೋದರು. ಉಳಿದ ಇಬ್ಬರಲ್ಲಿ ಒಬ್ಬರು ನನ್ನ ಭಾವ. ಅವರು ಆಟದ ಮೇಲಿನ ಪ್ರೀತಿಯಿಂದ ಉಳಿದರೋ, ನನ್ನ ಮುಖ ನೋಡಿ ಉಳಿದರೋ ಹೇಳಲಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆರು ಕಂಬಗಳ, ಹನ್ನೆರಡು ಸಾಲುಗಳ ಬಾವಿಯೊಳಗೆ ಬಣ್ಣಬಣ್ಣದ ಮೆತ್ತನೆಯ ಉಂಡೆಗಳು ಜೋಡಿಜೋಡಿಯಾಗಿ ಬೀಳುತ್ತವೆ. ಒಂದೇ ಬಣ್ಣದ ನಾಲ್ಕು ಒಂದಕ್ಕೊಂದು ತಗುಲಿದರೆ ಒಡೆಯುತ್ತವೆ. ಮೇಲಿದ್ದವು ಕುಸಿದು ಮತ್ತೆ ನಾಲ್ಕು ಸೇರಿದರೆ ಅವೂ ಒಡೆಯುತ್ತವೆ. ಅದೇ ಸರಪಳಿ. ಸರಪಳಿ ಬೆಳೆದಷ್ಟೂ ಎದುರಾಳಿಯ ಬಾವಿಗೆ ಬೂದು ಉಂಡೆಗಳ ಮಳೆ. 1991ರಲ್ಲಿ ಹಿರೋಶಿಮಾದ ಕಂಪೈಲ್ ಎಂಬ ಕಂಪನಿ ಇದನ್ನು ತಂದಿತು. 1992ರಲ್ಲಿ ಸೆಗಾ ಎಂಬ ಆಟದ ಕಂಪನಿಯ ಜೊತೆಗೂಡಿ ಆರ್ಕೇಡಿಗೆ (ನಾಣ್ಯ ಹಾಕಿ ಆಡುವ ಅಂಗಡಿಗಳಿಗೆ) ಬಂದ ಮೇಲೆ ಜಪಾನಿನಲ್ಲಿ ಅದು ಮನೆಮಾತಾಯಿತು. ಆ ಕಾಲದಲ್ಲಿ ಕಂಪೈಲ್ 'ಪುಯೋಮನ್' ಎಂಬ ಸಿಹಿಯನ್ನೂ ಮಾರುತ್ತಿತ್ತು. ಆಟವೊಂದು ತಿನಿಸಾಗುವಷ್ಟು ಬೆಳೆದಿತ್ತು ಎಂದರೆ ಅದರ ಮಟ್ಟ ನೀವೇ ಊಹಿಸಿ. 1998ರಲ್ಲಿ ಕಂಪೈಲ್ ಹಣದ ಮುಗ್ಗಟ್ಟಿಗೆ ಸಿಕ್ಕಾಗ ಹಕ್ಕುಗಳು ಸೆಗಾ ಪಾಲಾದವು.

ಇನ್ನು ಹೊರದೇಶಗಳ ಕಥೆ. ಆರ್ಕೇಡಿನ ಇಂಗ್ಲಿಷ್ ಆವೃತ್ತಿಯಲ್ಲಿ ನಾಯಕಿ ಅರ್ಲೆ 'ಸಿಲ್ವಾನಾ' ಆದಳು. 1993ರಲ್ಲಿ ಸೆಗಾದ ಮನೆಬಳಕೆಯ ಆಟದ ಯಂತ್ರ ಮೆಗಾ ಡ್ರೈವ್‌ಗೆ ಬಂದಾಗ ಅರ್ಲೆಯೇ ಮಾಯ: ಸೆಗಾದ ಇನ್ನೊಂದು ಆಟದ ನಾಯಕ ಸೋನಿಕ್‌ನ ಶತ್ರು ಡಾಕ್ಟರ್ ರೊಬಾಟ್ನಿಕ್ ಬಂದು ಕುಳಿತ, ಪುಯೋಗಳು ಹುರುಳಿ ಬೀಜಗಳಾದವು, ಆಟದ ಹೆಸರು 'ಡಾಕ್ಟರ್ ರೊಬಾಟ್ನಿಕ್ಸ್ ಮೀನ್ ಬೀನ್ ಮೆಷಿನ್' ಆಯಿತು. 1995ರಲ್ಲಿ ಅಮೆರಿಕದ ಸೂಪರ್ ನಿಂಟೆಂಡೊ ಯಂತ್ರಕ್ಕೆ ಅದೇ ಆಟ, ನಿಂಟೆಂಡೊದ ಕರ್ಬಿ ಎಂಬ ಪಾತ್ರದ ವೇಷದಲ್ಲಿ, 'ಕರ್ಬೀಸ್ ಅವಲಾಂಚ್' ಆಗಿ ಬಂತು, ಯೂರೋಪಿನಲ್ಲಿ 'ಕರ್ಬೀಸ್ ಘೋಸ್ಟ್ ಟ್ರ್ಯಾಪ್' ಆಗಿ. ಆಮೇಲೆ 'ಪುಯೋ ಪಾಪ್'. ಕೊನೆಗೂ ಸ್ವಂತ ಹೆಸರಿನಲ್ಲಿ ಸದ್ದು ಮಾಡಿದ್ದು 2017ರ 'ಪುಯೋ ಪುಯೋ ಟೆಟ್ರಿಸ್'. ಅದೂ ಜಪಾನಿನಲ್ಲಿ 2014ರಲ್ಲೇ ಬಂದಿದ್ದ ಆಟ, ಪಕ್ಕದಲ್ಲಿ ಟೆಟ್ರಿಸ್ ಎಂಬ ಊರುಗೋಲು ಬೇರೆ.

ನನ್ನ ಅನುಮಾನ ಇಷ್ಟು: ಇಪ್ಪತ್ತು ವರ್ಷ ವೇಷ ಬದಲಿಸುತ್ತಾ ಓಡಾಡಿದವನನ್ನು ಯಾರೂ ಗುರುತು ಹಿಡಿಯುವುದಿಲ್ಲ. ಒಂದು ತಲೆಮಾರಿಗೆ ಅದು ರೊಬಾಟ್ನಿಕ್‌ನ ಆಟ, ಇನ್ನೊಂದಕ್ಕೆ ಕರ್ಬಿಯ ಆಟ, ಮತ್ತೊಂದಕ್ಕೆ ಟೆಟ್ರಿಸ್ ಜೊತೆ ಉಚಿತವಾಗಿ ಬಂದ ಯಾವುದೋ ಆಟ. ನಿಮಗೆ ಏನನ್ನಿಸುತ್ತದೆ? ಹೊರಗಿನ ಆಟಗಾರರನ್ನು ಹಿಡಿದಿಡಲು ಸೆಗಾ ಏನು ಮಾಡಬೇಕು, ನನ್ನಂಥವರು ಏನು ಮಾಡಬೇಕು? 'ಜಾಹೀರಾತು ಹೆಚ್ಚಿಸಲಿ' ಎಂಬ ಉತ್ತರ ದಯವಿಟ್ಟು ಬೇಡ.

---

ಹಳೆಯ_ಕಾರ್ಟ್ರಿಜ್

ಆರು ಕಂಬ ಅವರೇ, ವೇಷದ ಮೇಲೆ ಎಲ್ಲ ಹೊಣೆಯನ್ನೂ ಹೊರಿಸಬೇಡಿ. ನಾನು ಆ ವೇಷದಿಂದಲೇ ಒಳಗೆ ಬಂದವನು.

ಒಂಬತ್ತನೆಯ ವಯಸ್ಸಿನಲ್ಲಿ ಸೋದರಮಾವ ವಿದೇಶದಿಂದ ತಂದುಕೊಟ್ಟ ಮೆಗಾ ಡ್ರೈವ್ ಜೊತೆ ಬಂದ ಮೂರು ಕಾರ್ಟ್ರಿಜ್‌ಗಳಲ್ಲಿ ಮೀನ್ ಬೀನ್ ಮೆಷಿನ್ ಒಂದು. ಪೆಟ್ಟಿಗೆಯ ಮೇಲೆ ಮೊಟ್ಟೆತಲೆ ರೊಬಾಟ್ನಿಕ್ ಹಲ್ಲು ಕಿರಿಯುತ್ತಿದ್ದ. ಅರ್ಲೆ ಎಂಬ ಹುಡುಗಿಯ ಚಿತ್ರವಿದ್ದಿದ್ದರೆ ಒಂಬತ್ತು ವರ್ಷದ ನಾನು ಅದನ್ನು ಕೈಯಲ್ಲಿ ಹಿಡಿಯುತ್ತಲೇ ಇರಲಿಲ್ಲ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ತಂಗಿಯೂ ನಾನೂ ಅದನ್ನು ಎಷ್ಟು ಆಡಿದೆವೆಂದರೆ ಕಂಟ್ರೋಲರಿನ ಕೆಳಗಿನ ಬಾಣದ ಗುರುತೇ ಅಳಿಸಿಹೋಯಿತು. ಆ ಆಟದಲ್ಲಿ ಎದುರಾಳಿ ಸುರಿಯುವ ಉಂಡೆಗಳಿಗೆ 'ನಿರಾಶ್ರಿತ ಬೀಜಗಳು' ಎಂದು ಹೆಸರು. ಕರ್ಬಿಯಲ್ಲಿ ಅವು ಬಂಡೆಗಳು. ಮುಂದೆ ಅವೇ ಕಿರಿಕಿರಿ ಪುಯೋ, ಕಸದ ಪುಯೋ ಎಲ್ಲ ಆದವು. ಅಂದರೆ ಮೂರು ತಲೆಮಾರಿನ ಆಟಗಾರರು ಒಂದೆಡೆ ಸೇರಿದರೆ ತಲೆಗೆ ಬಿದ್ದದ್ದು ಬಂಡೆಯೋ ಬೀಜವೋ ಎಂಬುದರಲ್ಲೇ ಒಮ್ಮತವಿಲ್ಲ!

ಆದರೆ ನನ್ನ ದೂರು ಬೇರೆ. ವೇಷ ಹಾಕಿದ್ದು ತಪ್ಪಲ್ಲ. ವೇಷದ ಹಿಂದಿನ ಮುಖಕ್ಕೆ ದಾರಿಯನ್ನೇ ಇಡದಿದ್ದದ್ದು ತಪ್ಪು. 'ಇದು ಪುಯೋ ಪುಯೋ' ಎಂದು ಕಣ್ಣಿಗೆ ಬೀಳುವ ಕಡೆ ಎಲ್ಲೂ ಇರಲಿಲ್ಲ. ಹತ್ತು ವರ್ಷ ಕಳೆದು ಅಂಗಡಿಯೊಂದರಲ್ಲಿ 'ಪುಯೋ ಪಾಪ್ ಫೀವರ್' ನನ್ನ ಮೂಗಿನ ಮುಂದೆಯೇ ಇತ್ತು. ಬಣ್ಣ ನೋಡಿ, ಪುಟ್ಟ ಮಕ್ಕಳದ್ದು ಎಂದುಕೊಂಡು ಬೇರೆ ಯಾವುದೋ ಓಟದ ಆಟ ತೆಗೆದುಕೊಂಡೆ. ಬಾಲ್ಯವಿಡೀ ಪ್ರೀತಿಸಿದ ಆಟದ ಎದುರು ನಿಂತು ಗುರುತು ಸಿಗದೆ ಬಂದುಬಿಟ್ಟೆ. ಇದು ಗೊತ್ತಾದದ್ದು ಮೂವತ್ತು ದಾಟಿದ ಮೇಲೆ.

ನಿಂಟೆಂಡೊದ 'ಪಾನೆಲ್ ದೆ ಪೋನ್' ಕಥೆಯೂ ಇದೇ. 1995ರಲ್ಲಿ ಜಪಾನಿನಲ್ಲಿ ಹೂವಿನ ಯಕ್ಷಿಣಿಯರ ಆಟ. ಮರುವರ್ಷ ಹೊರಗೆ ಮಾರಿಯೋ ಆಟಗಳ ಡೈನೋಸಾರ್ ಯೋಶಿಯನ್ನು ತುರುಕಿ 'ಟೆಟ್ರಿಸ್ ಅಟ್ಯಾಕ್' ಎಂದರು, ಅದರಲ್ಲಿ ಟೆಟ್ರಿಸ್‌ನ ಒಂದು ತುಂಡೂ ಇಲ್ಲ! 2000ದಲ್ಲಿ ಅದೇ ಆಟ ಪೋಕೆಮಾನ್ ವೇಷದಲ್ಲಿ ಬಂತು. ಒಳ್ಳೆಯ ಆಟವಾದ್ದರಿಂದ ಪ್ರತಿ ಸಲವೂ ಜನ ಇಷ್ಟಪಟ್ಟರು. ಆದರೆ ಆ ಮೆಚ್ಚುಗೆ ಯಾವ ಖಾತೆಗೆ ಜಮೆಯಾಯಿತು ಹೇಳಿ, ಲೆಕ್ಕ ಪರಿಶೋಧಕರೇ?

---

ಇರುಳು_ಅನುವಾದ

ಜಪಾನಿ ಆಟಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ. ಪುಯೋ ಪುಯೋ ಮೇಲೆ ಕೆಲಸ ಮಾಡಿಲ್ಲ. ಇನ್ನೊಂದು ಪಜಲ್ ಆಟದ ಮೇಲೆ ಮಾಡಿದ್ದೇನೆ, ಅದರ ಹೆಸರನ್ನು ಇಲ್ಲಿ ಹೇಳುವಂತಿಲ್ಲ.

ಮೊದಲು ಹೆಸರಿನ ಮಾತು. ಪುಯೋ ಪುಯೋ ಎಂಬುದು ಅನುಕರಣಾವ್ಯಯ. ಮುಟ್ಟಿದರೆ ಮೆತ್ತಗೆ ಕುಲುಕುವ ವಸ್ತುವಿಗೆ ಜಪಾನಿಯರು ಹಾಗೆನ್ನುತ್ತಾರೆ. ಚಟಚಟ, ಗಳಗಳ, ಜಿಗಿಜಿಗಿ ಎಂದು ದಿನವಿಡೀ ಮಾತನಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ಕಿವಿಗೆ ಬಿದ್ದ ಕೂಡಲೇ ಬೆರಳಿಗೆ ಅರ್ಥವಾಗುತ್ತದೆ. ಇಂಗ್ಲಿಷಿಗೆ ಈ ಜೋಡಿಪದಗಳ ಸುಖ ಕಡಿಮೆ. ಅದಕ್ಕೇ 'ಪಾಪ್' ಎಂಬ ಬಾಲ ಅಂಟಿಸಿದರು ಎಂದು ನನ್ನ ಊಹೆ. ಆದರೆ ಅರ್ಥವಿಲ್ಲದ ಪದ ದಾರಿಗೆ ಅಡ್ಡ ಬರುವುದಿಲ್ಲ. ದೊಡ್ಡ ಸರಪಳಿ ಬಿದ್ದಾಗ ಅರ್ಲೆ 'ಬಾಯೋಎನ್!' ಎಂದು ಕೂಗುತ್ತಾಳಲ್ಲ, ಅದು ಯಾವ ಭಾಷೆಯ ಪದವೂ ಅಲ್ಲ, ಬರಿಯ ಮಂತ್ರ. ಆದ್ದರಿಂದಲೇ ಅದು ಯಾರ ಬಾಯಿಗೂ ಹೊಂದುತ್ತದೆ. 'ಜುಗೆಮು' ಎಂಬ ಇನ್ನೊಂದು ಮಂತ್ರ ಕೇಳಿದರೆ ಜಪಾನಿಯರಿಗೆ ಉದ್ದುದ್ದ ಹೆಸರಿನ ಹುಡುಗನ ರಾಕುಗೊ ಹಾಸ್ಯಕಥೆ ನೆನಪಾಗುತ್ತದೆ, ಹೊರಗಿನವರಿಗೆ ಏನೂ ಆಗುವುದಿಲ್ಲ. ಆಗದಿದ್ದರೆ ನಷ್ಟವೂ ಇಲ್ಲ.

ಹಳೆಯ ಕಾರ್ಟ್ರಿಜ್ ಅವರು ಹೇಳಿದ ಬೂದು ಉಂಡೆಗೆ ಮೂಲದಲ್ಲಿ 'ಒಜಾಮ' ಎಂದು ಹೆಸರು. ಬೇರೆಯವರ ಮನೆಯೊಳಗೆ ಕಾಲಿಡುವಾಗ ಜಪಾನಿಯರು 'ಒಜಾಮ ಶಿಮಾಸು' ಎನ್ನುತ್ತಾರೆ: ತೊಂದರೆ ಕೊಡುತ್ತಿದ್ದೇನೆ, ಮನ್ನಿಸಿ ಎಂಬ ಸೌಜನ್ಯ. ಅಂದರೆ ಅವು ಕಸವಲ್ಲ, ಕರೆಯದೆ ಬಂದ ನೆಂಟರು. ಈ ನಗು ಇಂಗ್ಲಿಷಿನಲ್ಲಿ ಉಳಿಯಲಿಲ್ಲ. ನನಗೆ ಬೇಸರ, ಆದರೆ ಇದರಿಂದ ಒಬ್ಬ ಆಟಗಾರನೂ ಬಿಟ್ಟುಹೋಗಿರಲಾರ.

ಬಿಟ್ಟುಹೋಗುವುದು ಎಲ್ಲಿ ಎಂದರೆ, ನನ್ನ ಅನುಭವ ಹೇಳುತ್ತೇನೆ ಕೇಳಿ. ನಾನು ಕೆಲಸ ಮಾಡಿದ ಆಟದಲ್ಲಿ ಕಥೆಯ ಸಂಭಾಷಣೆಗೆ ಮೂರು ವಾರ ಕೊಟ್ಟರು. ಪಾತ್ರಗಳ ಹೆಸರು ಬದಲಿಸಬೇಕೇ ಬೇಡವೇ ಎಂದು ನಾಲ್ಕು ಸಭೆ. 'ಆಡುವುದು ಹೇಗೆ' ಎಂಬ ಭಾಗ ನನ್ನ ಕೈಗೆ ಬಂದದ್ದು ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ. ಒಂದೊಂದು ವಾಕ್ಯಕ್ಕೂ ಅಕ್ಷರಗಳ ಮಿತಿ ಬೇರೆ. ಮೂಲದಲ್ಲಿಯೇ ಅದು ಅರೆಬರೆ, ಏಕೆಂದರೆ ಜಪಾನಿನ ಮಗುವಿಗೆ ಆಟವನ್ನು ಕಲಿಸುವುದು ಪರದೆಯಲ್ಲ, ಅಣ್ಣನೋ ಪಕ್ಕದ ಬೆಂಚಿನವನೋ. ಹೊರಗಿನ ಮಗುವಿಗೆ ಆ ಅಣ್ಣ ಇಲ್ಲ. ನಾನು ಅದನ್ನು ಸಂಜೆ ಏಳಕ್ಕೆ ಮುಗಿಸಿ ಕಳುಹಿಸಿದೆ. ಆ ಆಟದ ವಿಮರ್ಶೆಗಳಲ್ಲಿ 'ಕಥೆ ಚೆನ್ನಾಗಿದೆ, ಆಟ ಅದೃಷ್ಟದ್ದು' ಎಂದು ಬರೆದಿದ್ದರು. ಅದು ಎಳ್ಳಷ್ಟೂ ಅದೃಷ್ಟದ ಆಟವಲ್ಲ. ಆ ಐದು ಗಂಟೆಗಳ ಬಗ್ಗೆ ನನಗೆ ಇಂದಿಗೂ ಕಸಿವಿಸಿ ಇದೆ.

ಆರು ಕಂಬ ಅವರೇ, ನಿಮ್ಮ ಹನ್ನೊಂದು ಜನ ಬಿಟ್ಟದ್ದು ಯಾವ ಘಟ್ಟದಲ್ಲಿ? ಅದನ್ನು ಬರೆದಿಟ್ಟಿದ್ದೀರಾ?

---

ಅಪ್ಪಟ_ಟೆಟ್ರಿಸ್

ಎಲ್ಲವೂ ಎಲ್ಲ ಕಡೆ ಜನಪ್ರಿಯವಾಗಲೇಬೇಕೆ? ಸುಡೋಕು ನೋಡಿ. 1979ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಆಗಿದ್ದಾಗ ಜಗತ್ತು ತಿರುಗಿ ನೋಡಲಿಲ್ಲ. ಜಪಾನಿಗೆ ಹೋಗಿ ಹೆಸರು ಬದಲಿಸಿಕೊಂಡು, 2004ರಲ್ಲಿ ಲಂಡನ್ನಿನ ಟೈಮ್ಸ್‌ಗೆ ಬಂದ ಮೇಲೆ ಹುಚ್ಚು ಹತ್ತಿತು. ಯಾರೂ ಅದಕ್ಕೆ ರೊಬಾಟ್ನಿಕ್‌ನನ್ನು ಅಂಟಿಸಲಿಲ್ಲ, ಪಾಠವನ್ನೂ ಮಾಡಲಿಲ್ಲ. ಒಂದು ವಾಕ್ಯದಲ್ಲಿ ನಿಯಮ ಮುಗಿಯುತ್ತದೆ. ಟೆಟ್ರಿಸ್ಸೂ ಹಾಗೆಯೇ. ಪುಯೋ ಪುಯೋ ಹಾಗಲ್ಲ, ಅದನ್ನು ಒಪ್ಪಿಕೊಳ್ಳಿ. ನಾನು ಪುಯೋ ಪುಯೋ ಟೆಟ್ರಿಸ್ ಕೊಂಡು ಮುನ್ನೂರು ಗಂಟೆ ಆಡಿದ್ದೇನೆ, ಪುಯೋ ಭಾಗವನ್ನು ಹತ್ತು ನಿಮಿಷ.

---

ಮಂಜಿನ_ಮೂಲೆ

ಅಪ್ಪಟ ಟೆಟ್ರಿಸ್ ಅವರು ತಮಾಷೆಗೆ ಹೇಳಿದ್ದರೂ ಅದೇ ಸತ್ಯ. ಆ ಆಟ ಹೊರದೇಶಗಳಲ್ಲಿ ಪುಯೋವನ್ನು ಮನೆಯೊಳಕ್ಕೆ ತಂದಿತು, ಆದರೆ ಜಗುಲಿಯಲ್ಲೇ ಕೂರಿಸಿತು. ಗೊತ್ತಿರುವುದನ್ನೇ ಆಡುವುದು ಮನುಷ್ಯ ಸ್ವಭಾವ.

ಸ್ಪರ್ಧಾತ್ಮಕವಾಗಿ ಆಡುವವನಾಗಿ ನನ್ನ ಅನುಭವ: 2019ರ ಮೇ ತಿಂಗಳಲ್ಲಿ 'ಪುಯೋ ಪುಯೋ ಚಾಂಪಿಯನ್ಸ್' ಹೊರಗೆ ಬಂದಾಗ ಕುಣಿದಾಡಿದೆ. ಜಪಾನಿನಲ್ಲಿ 2018ರ ಅಕ್ಟೋಬರಿನಲ್ಲಿ 'ಪುಯೋ ಪುಯೋ ಇ-ಸ್ಪೋರ್ಟ್ಸ್' ಎಂಬ ಹೆಸರಿನಲ್ಲಿ ಬಂದದ್ದು ಇದೇ. ಬೆಲೆ ಬರೀ 9.99 ಡಾಲರ್, ಸ್ವಿಚ್, ಪಿಎಸ್4, ಎಕ್ಸ್‌ಬಾಕ್ಸ್, ಪಿಸಿ ಎಲ್ಲದರಲ್ಲೂ ಲಭ್ಯ. ಅಗ್ಗ, ಎಲ್ಲೆಡೆ ಸಿಗುತ್ತದೆ, ಇನ್ನೇನು ಬೇಕು ಎಂದುಕೊಂಡೆ. ನಾಲ್ವರು ಗೆಳೆಯರಿಗೆ ಕೊಡಿಸಿದೆ. ಅದರಲ್ಲಿ ಕಥೆಯ ಭಾಗ ಇಲ್ಲ. ಗೆಳೆಯರು ನೇರವಾಗಿ ಆನ್‌ಲೈನ್ ಪಂದ್ಯಕ್ಕೆ ಇಳಿದರು. ಎದುರಿಗೆ ಸಿಕ್ಕವರು ಇಪ್ಪತ್ತು ವರ್ಷ ಆಡಿ ಪಳಗಿದವರು. ಒಬ್ಬ ಗೆಳೆಯ ಸತತ ಹದಿನಾಲ್ಕು ಪಂದ್ಯ ಸೋತು, 'ನನ್ನ ಬಾವಿಯಲ್ಲಿ ನಾನು ಆಟವಾಡಿಕೊಂಡಿದ್ದೆ, ಆಕಾಶ ಕಳಚಿ ಬಿತ್ತು' ಎಂದು ಬರೆದು ಮಲಗಿದ. ಮತ್ತೆ ಬರಲಿಲ್ಲ.

ಜಪಾನಿನಲ್ಲಿ ನಡುವಿನ ಮೆಟ್ಟಿಲುಗಳಿವೆ. 2019ರಲ್ಲಿ ಇಬರಾಕಿಯಲ್ಲಿ ಪ್ರಾಂತ್ಯ ಪ್ರಾಂತ್ಯಗಳ ನಡುವೆ ನಡೆದ ಇ-ಸ್ಪೋರ್ಟ್ಸ್ ಕೂಟದಲ್ಲಿ ಫುಟ್‌ಬಾಲ್, ಕಾರು ಓಟದ ಆಟಗಳ ಪಕ್ಕದಲ್ಲಿ ಪುಯೋ ಪುಯೋ ಇತ್ತು. ನಮ್ಮ ಪ್ರಾಂತ್ಯ, ಪಕ್ಕದ ಪ್ರಾಂತ್ಯ ಎಂಬ ಪೈಪೋಟಿ ಇದ್ದಾಗ ನೂರನೆಯ ಸ್ಥಾನದವನಿಗೂ ಆಡಲು ಕಾರಣ ಇರುತ್ತದೆ. ಈಗ 2026ರ ಐಚಿ–ನಗೋಯ ಏಷ್ಯನ್ ಕ್ರೀಡಾಕೂಟದ ಇ-ಸ್ಪೋರ್ಟ್ಸ್ ಪಟ್ಟಿಯಲ್ಲಿ ಪುಯೋ ಪುಯೋ ಚಾಂಪಿಯನ್ಸ್ ಸೇರಿದೆ. ಏಷ್ಯಾದ ದೇಶಗಳು ಆಟಗಾರರನ್ನು ಹುಡುಕಬೇಕಾಗುತ್ತದೆ. ಹೊರಗೆ ಬೆಳೆಯಲು ಇದಕ್ಕಿಂತ ದೊಡ್ಡ ನೆಪ ನನ್ನ ಜೀವಮಾನದಲ್ಲಿ ಸಿಕ್ಕಿಲ್ಲ. ಆದರೆ ಪದಕದ ಪಂದ್ಯ ನೋಡಿದ ಹುಡುಗ ಅಂದು ರಾತ್ರಿ ಆಟ ಕೊಂಡು ಆನ್‌ಲೈನಿಗೆ ಹೋದರೆ, ನನ್ನ ಗೆಳೆಯನಿಗೆ ಬಿದ್ದ ಆಕಾಶವೇ ಅವನ ಮೇಲೂ ಬೀಳುತ್ತದೆ. ಹೊಸಬರಿಗೆ ಹೊಸಬರೇ ಸಿಗುವ ಕೋಣೆ ಬೇಕು. ದೊಡ್ಡ ಬಹುಮಾನದ ಟೂರ್ನಿಗಿಂತ ಪ್ರತಿ ಭಾನುವಾರದ ಮರಿ ಟೂರ್ನಿ ಮೇಲು.

---

ಕೋಡು_ಮೇಷ್ಟ್ರು

ಒಂದು ಸಣ್ಣ ಸೇರ್ಪಡೆ. 2020ರಲ್ಲಿ ಸೆಗಾ ಜಪಾನಿನಲ್ಲಿ 'ಪುಯೋ ಪುಯೋ ಪ್ರೋಗ್ರಾಮಿಂಗ್' ಎಂಬ ಪಾಠ ತಂದಿತು. ಮಕ್ಕಳು ಬ್ರೌಸರಿನಲ್ಲೇ ಪುಯೋ ಪುಯೋದ ಜಾವಾಸ್ಕ್ರಿಪ್ಟ್ ಕೋಡನ್ನು ನೋಡಿಕೊಂಡು ತಾವೇ ಟೈಪ್ ಮಾಡಬೇಕು, ಕೊನೆಯಲ್ಲಿ ಆಟ ಓಡುತ್ತದೆ. ಸೂತ್ರಗಳನ್ನು ನಕಲು ಬರೆಯುವ ಬೌದ್ಧ ಅಭ್ಯಾಸದ ಹೆಸರನ್ನೇ ಇದಕ್ಕೂ ಬಳಸುತ್ತಾರೆ. ನಾನು ಆ ಕೋಡಿನ ಮಾದರಿಯಲ್ಲಿ ನನ್ನ ತರಗತಿಗೆ ಒಂದು ಪಾಠ ಮಾಡಿದೆ. 'ನಾಲ್ಕು ತಗುಲಿವೆಯೇ?' ಎಂದು ಹುಡುಕುವ ಸಾಲುಗಳನ್ನು ಸ್ವಂತ ಕೈಯಿಂದ ಬರೆದ ಮಕ್ಕಳು ಸರಪಳಿಯನ್ನು ನನಗಿಂತ ಬೇಗ ಕಂಡುಹಿಡಿದರು. ಆಟದ ಹೊಟ್ಟೆಯೊಳಗಿನಿಂದ ಕಲಿಯುವ ಈ ದಾರಿ ಬೇರೆ ಭಾಷೆಗಳ ಶಾಲೆಗಳಿಗೂ ಹೋದರೆ, ಜಾಹೀರಾತಿನ ಮಾತೇ ಬೇಕಿಲ್ಲ.

---

ಆರು_ಕಂಬ

ಇರುಳು ಅನುವಾದ ಅವರೇ, ನೀವು ಕೇಳಿದ ಪ್ರಶ್ನೆ ಎರಡು ರಾತ್ರಿ ನಿದ್ದೆ ಕೆಡಿಸಿತು. ನೋಟ್‌ಬುಕ್ ತೆಗೆದು ನೋಡಿದೆ. ಬರೆದಿಟ್ಟಿದ್ದೇನೆ, ಆದರೆ ಓದಿರಲಿಲ್ಲ. ಲೆಕ್ಕ ಪರಿಶೋಧಕನಿಗೆ ಇದಕ್ಕಿಂತ ಅವಮಾನ ಇಲ್ಲ.

ಹನ್ನೊಂದರಲ್ಲಿ ಒಂಬತ್ತು ಜನ ಬಿಟ್ಟದ್ದು ಒಂದೇ ಕಡೆ: ಎರಡು ಕೊಂಡಿಯ ಸರಪಳಿ ತಾನಾಗಿ ಬೀಳುತ್ತದೆ, ಮೂರನೆಯ ಕೊಂಡಿಯನ್ನು ಬೇಕೆಂದು ಕಟ್ಟಲು ಬರುವುದಿಲ್ಲ ಎನ್ನುವ ಜಾಗದಲ್ಲಿ. ಯಾರೂ ಅರ್ಲೆಯ ಹೆಸರಿನ ಬಗ್ಗೆ, ವೇಷದ ಬಗ್ಗೆ ಒಂದು ಮಾತು ಆಡಿಲ್ಲ. ನಾನು ಇಲ್ಲಿ ಬರೆದ ದೂರು ನನ್ನದೇ ಹೊರತು ಅವರದ್ದಲ್ಲ.

ಆಮೇಲೆ ಒಂದು ಲೆಕ್ಕ ಹಾಕಿದೆ. 1994ರ 'ಪುಯೋ ಪುಯೋ ತ್ಸೂ' ನಿಯಮದಲ್ಲಿ ಪ್ರತಿ 70 ಅಂಕಕ್ಕೆ ಎದುರಾಳಿಗೆ ಒಂದು ಒಜಾಮ. ನಾಲ್ಕೇ ಉಂಡೆಗಳನ್ನು ಒಡೆದರೆ 40 ಅಂಕ, ಅಂದರೆ ಒಂದೂ ಹೋಗುವುದಿಲ್ಲ. ಪ್ರತಿ ಹಂತದಲ್ಲೂ ನಾಲ್ಕು ನಾಲ್ಕೇ ಒಡೆಯುತ್ತಾ ಎರಡು ಸರಪಳಿ ಮಾಡಿದರೆ 5 ಹೋಗುತ್ತವೆ. ಮೂರು ಮಾಡಿದರೆ 14. ನಾಲ್ಕಕ್ಕೆ 32. ಐದಕ್ಕೆ 69. ಬಾವಿಯಲ್ಲಿ ಕಣ್ಣಿಗೆ ಕಾಣುವ ಜಾಗವೇ 72! ಐದನೆಯ ಕೊಂಡಿ ಬಿದ್ದರೆ ಎದುರಾಳಿಯ ಬಾವಿ ಹೆಚ್ಚುಕಡಿಮೆ ಮುಚ್ಚಿಹೋಗುವಷ್ಟು ಒಜಾಮ. ಹೊಸಬರು ಪ್ರತಿ ಸಲ ನಾಲ್ಕು ಸೇರಿದಾಗ ಖುಷಿಯಿಂದ ಒಡೆಯುತ್ತಾರೆ, ಕಣ್ಣಿಗೆ ಕೆಲಸ ಆಗುತ್ತಿದೆ ಎನಿಸುತ್ತದೆ, ಖಾತೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಎದುರಿನವನು ಏನನ್ನೂ ಒಡೆಯದೆ ಸುಮ್ಮನೆ ಪೇರಿಸುತ್ತಿರುತ್ತಾನೆ, ಮುಳುಗುತ್ತಿದ್ದಾನೆ ಎನಿಸುತ್ತದೆ, ಒಮ್ಮೆಗೇ ಆಕಾಶ ಬೀಳುತ್ತದೆ. ಮಂಜಿನ ಮೂಲೆ ಅವರ ಗೆಳೆಯ ಸರಿಯಾಗಿಯೇ ಬರೆದಿದ್ದಾನೆ. ಟೆಟ್ರಿಸ್‌ನಲ್ಲಿ ನಾಲ್ಕು ಸಾಲು ಅಳಿಸಿದರೆ ನಾಲ್ಕು ಸಾಲು ಅಳಿಸಿದ್ದು ಕಣ್ಣಿಗೇ ಕಾಣುತ್ತದೆ. ಪುಯೋದ ಲೆಕ್ಕಪುಸ್ತಕ ಮಾತ್ರ ಬೀರುವಿನೊಳಗೆ.

ನಾನು ಎರಡು ವರ್ಷ ಏನು ಕಲಿಸಿದೆ ಗೊತ್ತೇ? ಮೊದಲ ದಿನವೇ ಜಿಟಿಆರ್ ಎಂಬ ಮೇಲುಮಟ್ಟದ ಕಟ್ಟಣೆ. ಹತ್ತೊಂಬತ್ತು ಸರಪಳಿಯ ವಿಡಿಯೊ. ಮರೆಯಲ್ಲಿರುವ ಹದಿಮೂರನೆಯ ಸಾಲನ್ನೂ ಸೇರಿಸಿದರೆ ಜಾಗ 78, ನಾಲ್ಕರಿಂದ ಭಾಗಿಸಿದರೆ ಹತ್ತೊಂಬತ್ತು ಗುಂಪು, ಅದೇ ಗರಿಷ್ಠ ಎಂದು ಉಪನ್ಯಾಸ. ಅಕ್ಷರ ಕಲಿಯಲು ಬಂದವರಿಗೆ ಛಂದಸ್ಸು ಹೇಳಿದೆ.

ಈ ಶನಿವಾರ ಕೆನಡಾದ ಟೀಚರ್ ಜೊತೆ ಬೇರೆ ರೀತಿ ಮಾಡಿದೆ. ಅವರು ಬಿಟ್ಟುಹೋದ ಹನ್ನೊಂದರಲ್ಲಿ ಒಬ್ಬರು. ಕೂಟಕ್ಕೆ ಬರುತ್ತಾರೆ, ಹರಟೆ ಹೊಡೆಯುತ್ತಾರೆ, ಆಡುವುದಿಲ್ಲ. ಕಂಟ್ರೋಲರ್ ಮುಟ್ಟಬೇಡಿ ಎಂದೆ. ಹಾಳೆಯ ಮೇಲೆ ಆರು ಕಂಬ ಗೆರೆ ಎಳೆದು, ಬಣ್ಣದ ಗುಂಡಿಗಳನ್ನು ತನ್ನಿ ಎಂದೆ. ಅವರ ಹೊಲಿಗೆ ಡಬ್ಬಿಯಲ್ಲಿ ಬೇಕಾದಷ್ಟಿದ್ದವು. ಎಡತುದಿಯ ಕಂಬ ಖಾಲಿ ಬಿಟ್ಟೆವು. ಎರಡನೆಯದರಲ್ಲಿ ಮೂರು ಕೆಂಪು, ಅದರ ನೆತ್ತಿಗೆ ಒಂದು ಹಸಿರು. ಪಕ್ಕದಲ್ಲಿ ಮೂರು ಹಸಿರು, ನೆತ್ತಿಗೆ ಒಂದು ನೀಲಿ. ಅದರ ಪಕ್ಕ ಮೂರು ನೀಲಿ, ನೆತ್ತಿಗೆ ಹಳದಿ. ಹೀಗೆ ಬಲತುದಿಯವರೆಗೆ. ಜಪಾನಿಯರು ಇದನ್ನು ಮೆಟ್ಟಿಲು ಪೇರಿಕೆ ಎನ್ನುತ್ತಾರೆ, ಪುಯೋದ ಅ ಆ ಇ ಈ. ಈಗ ಖಾಲಿ ಕಂಬದಲ್ಲಿ ಒಂದು ಕೆಂಪು ಇಡಿ ಎಂದೆ. ಕೆಂಪು ನಾಲ್ಕನ್ನೂ ಕೈಯಿಂದ ಎತ್ತಿದರು. ನೆತ್ತಿಯಲ್ಲಿದ್ದ ಹಸಿರು ಗುಂಡಿಯನ್ನು ಕೆಳಗೆ ಜಾರಿಸಿದರು. ಅದು ಪಕ್ಕದ ಮೂರು ಹಸಿರಿಗೆ ತಗುಲಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಂಡೆ. ಆಮೇಲೆ ಗುಂಡಿಗಳು ಡಬ್ಬಿಗೆ ಬೀಳುವ ಸದ್ದು ನಾಲ್ಕು ಸಲ ಕೇಳಿಸಿತು, ಚಟಚಟ ಚಟಚಟ ಎಂದು.

ಆರು ಸಲ ಗುಂಡಿಯಲ್ಲಿ ಕಟ್ಟಿದರು. ಏಳನೆಯ ಸಲ ಪರದೆಯ ಮೇಲೆ, ನನ್ನ ಎದುರು. ನಾನು ಸುಮ್ಮನೆ ಕಾದೆ. ಒಂದು ಹಳದಿ ತಪ್ಪು ಕಂಬಕ್ಕೆ ಬಿತ್ತು, ಅದನ್ನು ಸರಿಪಡಿಸಿಕೊಳ್ಳಲು ನಾಲ್ಕು ನಿಮಿಷ. ಕೊನೆಗೆ ಐದು ಕೊಂಡಿಗಳೂ ಒಂದರ ಹಿಂದೊಂದು ಒಡೆದು, ಅಷ್ಟೂ ಕರೆಯದ ನೆಂಟರು ನನ್ನ ಮನೆಗೆ ಬಂದರು. ಸೋತೆ. ನೋಟ್‌ಬುಕ್ಕಿನಲ್ಲಿ ಆ ಸೋಲನ್ನು ಹಸಿರು ಶಾಯಿಯಲ್ಲಿ ಬರೆದೆ.

ಮಂಜಿನ ಮೂಲೆ ಅವರೇ, ಭಾನುವಾರದ ಮರಿ ಟೂರ್ನಿಗೆ ನಾನು ಸಿದ್ಧ. ಮೂರು ಸರಪಳಿ ದಾಟದವರಿಗೆ ಮಾತ್ರ ಪ್ರವೇಶ, ನೀವೂ ನಾನೂ ಅಂಪೈರುಗಳು. ಇರುಳು ಅನುವಾದ ಅವರೇ, ಗುಂಡಿಯ ಪಾಠವನ್ನು ಒಂದು ಪುಟಕ್ಕೆ ಇಳಿಸಿದ್ದೇನೆ. ಇಂಗ್ಲಿಷಿಗೂ ಪೋರ್ಚುಗೀಸಿಗೂ ತರಬೇಕು. ನಿಮಗೆ ಐದು ಗಂಟೆಯಲ್ಲ, ಐದು ವಾರ ಕೊಡುತ್ತೇನೆ. ಅಪ್ಪಟ ಟೆಟ್ರಿಸ್ ಅವರೇ, ನಿಮ್ಮ ಮನೆಯಲ್ಲಿ ಹೊಲಿಗೆ ಡಬ್ಬಿ ಇದೆಯೇ?

ಟೀಚರ್ ಇಂದು ಬೆಳಿಗ್ಗೆ ಸಂದೇಶ ಕಳುಹಿಸಿದ್ದಾರೆ: 'ನಿಮ್ಮ ಅರ್ಲೆ ಇನ್ನೂ ಬಾಯೋಎನ್ ಎನ್ನಲಿಲ್ಲವಲ್ಲ. ಅದಕ್ಕೆ ಎಷ್ಟು ಕೊಂಡಿ ಬೇಕು?'

---

ಅಪ್ಪಟ_ಟೆಟ್ರಿಸ್

ಹೊಲಿಗೆ ಡಬ್ಬಿ ಇಲ್ಲ. ಕೇರಂ ಕಾಯಿಗಳಿವೆ, ಬಣ್ಣ ಮೂರೇ. ನಡೆಯುತ್ತದೆಯೇ?